ಅಳೆಯುವ ಅಕ್ಕಿ, ತೂಗುವ ಬೆಲ್ಲ

ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅಕ್ಕಿ ತರಲು ಹೋದ ಗಾಡಿಯ ಎತ್ತುಗಳಲ್ಲಿ ಒಂದು ಕೆಂದು ಬಣ್ಣದ್ದೆಂದು ನನ್ನ ನೆನಪು. ಅಕ್ಕ ಗೌರವ್ವ ಎರಡೂ ಬಿಳಿ ಎಂದು ಆಣೆ ಮಾಡುತ್ತಾಳೆ. ಅವಳು ಆ ಗಾಡಿಯಲ್ಲಿ ಬಂದೇ ಇರಲಿಲ್ಲ, ಆದರೂ ಅವಳ ಆಣೆಯ ಮುಂದೆ ನನ್ನ ನೆನಪು ಅಳುಕುತ್ತದೆ. ದಿನಚರಿ ಬರೆಯುವವರಿಗೆ ಎಲ್ಲವೂ ಚೆನ್ನಾಗಿ ನೆನಪಿರುತ್ತದೆಂದು ಜನ ತಿಳಿದಿದ್ದಾರೆ. ನೆನಪಿರುವವರು ಯಾಕೆ ಬರೆದಿಡುತ್ತಾರೆ? ಹತ್ತೊಂಬತ್ತನೆಯ ಶತಮಾನ ಮುಗಿಯುತ್ತ ಬಂದಿದ್ದ ಕಾಲ ಅದು; ನಾನು ಲಂಗದ ಹುಡುಗಿ. ಆಮೇಲೆ ಮದ್ರಾಸಿನ ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿ ಪದವಿ ತಂದೆನಾದರೂ, ನಮ್ಮ ಮನೆಗೆ ಸಾಮಾನು ಹೇಗೆ ಬರುತ್ತಿತ್ತು ಎಂಬ ಒಂದು ವಿಷಯದಲ್ಲಿ ಆ ತರ್ಕ ಇವತ್ತಿಗೂ ಕೆಲಸಕ್ಕೆ ಬಂದಿಲ್ಲ.

ಬಳ್ಳಾರಿಯ ಕೋಟೆಗುಡ್ಡದ ಕೆಳಗಿನ ನಮ್ಮ ಮನೆಯಲ್ಲಿ ಅಜ್ಜಿಯ ಕಾನೂನು ಒಂದಿತ್ತು. ತೂಗಿ ಕೊಡುವ ಸಾಮಾನು ಗಂಡಸರು ತರಬೇಕು, ಅಳೆದು ಕೊಡುವುದನ್ನು ಹೆಂಗಸರು ಕೊಳ್ಳಬೇಕು. ಬೆಲ್ಲ, ಹುಣಸೆಹಣ್ಣು, ಒಣಮೆಣಸಿನಕಾಯಿ ತಕ್ಕಡಿಗೆ ಬೀಳುವಂಥವು, ಆದ್ದರಿಂದ ಪೇಟೆಯಿಂದ ಅಪ್ಪ ತರುತ್ತಿದ್ದ. ಹಾಲು, ಎಣ್ಣೆ, ಉಪ್ಪು, ಜೋಳ ಸೇರಿನಲ್ಲೋ ಪಾವಿನಲ್ಲೋ ಅಳೆಯುವಂಥವು, ಮಾರುವವರು ಬಾಗಿಲಿಗೇ ಬರುತ್ತಿದ್ದರು, ಹೊಸ್ತಿಲ ಒಳಗೆ ನಿಂತು ಅವ್ವ ಚೌಕಾಸಿ ಮಾಡುತ್ತಿದ್ದಳು. ಎಣಿಸಿ ಕೊಡುವ ಬಾಳೆಹಣ್ಣು, ವೀಳ್ಯದೆಲೆಗಳನ್ನು ಅಜ್ಜಿ ತಾನೇ ಇಟ್ಟುಕೊಂಡಿದ್ದಳು. ಕಾನೂನು ಮಾಡಿದವರಿಗೆ ಅಷ್ಟಾದರೂ ಸಲ್ಲಬೇಕು. ಈ ವ್ಯವಸ್ಥೆಯಲ್ಲಿ ಜಗಳವೇ ಇರಲಿಲ್ಲವೆಂದು ಅಜ್ಜಿ ಹೇಳುತ್ತಿದ್ದಳು. ಒಮ್ಮೆ ಕುಂಬಳಕಾಯಿ ಬಂದಾಗ ಮಾತ್ರ, ಅದು ತೂಕದ್ದೋ ಎಣಿಕೆಯದ್ದೋ ತಿಳಿಯದೆ, ಎರಡು ದಿನ ಅದು ಪಡಸಾಲೆಯಲ್ಲೇ ಕೂತಿತ್ತು. ಯಾರೂ ಅದನ್ನು ತಮ್ಮದೆಂದು ಹೆಚ್ಚಲಿಲ್ಲ.

ಆದರೆ ಅಕ್ಕಿ? ಅಕ್ಕಿಯನ್ನು ಅಳೆಯುತ್ತಾರೆ, ಹಾಗಾಗಿ ಅದು ಅವ್ವನದು. ಒಳ್ಳೆಯ ಅಕ್ಕಿ ಸಿಗುವುದು ಸಿರುಗುಪ್ಪದಲ್ಲಿ, ಕಾಲುವೆ ನೀರಿನ ಗದ್ದೆಗಳ ಊರಿನಲ್ಲಿ. ಅಷ್ಟು ದೂರ ಗಾಡಿ ಕಟ್ಟಿಕೊಂಡು ಹೋಗುವುದು ಗಂಡಸರ ಕೆಲಸ, ಹಾಗಾಗಿ ಅದು ಅಪ್ಪನದು. ಅಪ್ಪ ಕಚೇರಿಯಲ್ಲಿ ಗುಮಾಸ್ತ. ಯಾವ ದಾವೆಯ ಕಾಗದ ಯಾವ ಕಟ್ಟಿನಲ್ಲಿದೆಯೆಂದು ಕಣ್ಣುಮುಚ್ಚಿ ಹೇಳುತ್ತಿದ್ದ, ಅಕ್ಕಿಯನ್ನೂ ಹೆಚ್ಚುಕಡಿಮೆ ಕಣ್ಣುಮುಚ್ಚಿಯೇ ಕೊಳ್ಳುತ್ತಿದ್ದ. ದಿನದ ಊಟಕ್ಕೆ ಜೋಳದ ರೊಟ್ಟಿ ಇದ್ದುದರಿಂದ ಮನೆ ನಡೆದುಹೋಗುತ್ತಿತ್ತು. ಅಕ್ಕಿ ಬೇಕಾಗುತ್ತಿದ್ದದ್ದು ನಾಲ್ಕು ಜನ ಬಂದು ಕೂತಾಗ ಮಾತ್ರ, ಎಂದರೆ ಮಾನ ಹೋಗುವುದಕ್ಕೆ ಸರಿಯಾದ ಹೊತ್ತಿನಲ್ಲಿ.

ಮಾನ ಹೋದದ್ದು ಗೌರವ್ವನ ನಿಶ್ಚಯದ ದಿನ. ಗಂಡಿನ ಕಡೆಯವರು ಕುರುಗೋಡಿನವರು. ಅಪ್ಪ ತಂದಿದ್ದದ್ದು ಆ ವರ್ಷದ ಹೊಸ ಅಕ್ಕಿ. ಅವ್ವ ಏನು ಮಾಡಿದರೂ ಅನ್ನ ಒಂದಕ್ಕೊಂದು ಅಂಟಿ ಮುದ್ದೆಯಾಯಿತು. ಅಕ್ಕನಿಗೆ ಅತ್ತೆಯಾಗಲಿದ್ದ ಬೀಗತಿ ಒಂದು ತುತ್ತು ಎತ್ತಿ ನೋಡಿ, ಪಕ್ಕದಲ್ಲಿದ್ದವರಿಗೆ ಎಲ್ಲರಿಗೂ ಕೇಳುವಂತೆ ಹೇಳಿದರು: "ನಿಮ್ಮೂರ ಕೋಟಿ ಗ್ವಾಡಿ ಬಿರುಕು ಬಿಟ್ಟೈತಂತಲ್ಲ, ಸುಣ್ಣ ಯಾಕ ಹುಡಕ್ತೀರಿ? ಈ ಅನ್ನ ಮೆತ್ರಿ, ನೂರು ವರ್ಷ ನಿಲ್ತೈತಿ."

ಪಂಕ್ತಿಯೆಲ್ಲ ನಕ್ಕಿತು. ಅಪ್ಪನೂ ಸಂಕೋಚಕ್ಕೆ ನಕ್ಕ. ಅಡುಗೆಮನೆಯಲ್ಲಿದ್ದ ಅವ್ವ ನಗಲಿಲ್ಲ. ಅಕ್ಕಿ ತಂದವರು ಯಾರೆಂದು ಯಾರೂ ಕೇಳುವುದಿಲ್ಲ. ಅನ್ನ ಕೆಟ್ಟರೆ ಅದು ಬೇಯಿಸಿದವಳ ಹೆಸರಿಗೆ ಹೋಗುತ್ತದೆ, ಆಮೇಲೆ ಅವಳ ಮಗಳ ಹೆಸರಿಗೆ. ಮದುವೆಯ ದಿನವೂ ಹೀಗೇ ಆದರೆ ಗೌರವ್ವ ಕುರುಗೋಡಿನಲ್ಲಿ ಜೀವಮಾನವಿಡೀ ಗಂಡನ ಜೊತೆಗೆ ಈ ಗಾದೆಯೊಡನೆಯೂ ಸಂಸಾರ ಮಾಡಬೇಕಿತ್ತು. ಅಂದು ಸಂಜೆ ಅವ್ವ ಅಜ್ಜಿಯನ್ನು ಕೇಳಿದಳು: "ಅತ್ತಿ, ಮದುವಿ ಅಕ್ಕಿ ನಾನ ಹೋಗಿ ನೋಡಿ ತರ್ಲೇನ್ರಿ?"

"ಸಿರುಗುಪ್ಪಿಗೇನ? ನಮ್ಮನಿ ಸೊಸಿ ಅಂಗಡಿ ಮುಂದ ನಿಂತ್ರ ಊರವ್ರು ಏನಂದಾರು?" ಎಂದಳು ಅಜ್ಜಿ. ಮಾತು ಅಲ್ಲಿಗೆ ಮುಗಿಯಿತು.

ಬದಲಿಗೆ ಒಂದು ಏರ್ಪಾಡು ಆಯಿತು. ಅಪ್ಪ ಸಿರುಗುಪ್ಪಕ್ಕೆ ಹೋಗಿ ಮೂರು ಅಂಗಡಿಗಳಿಂದ ಒಂದೊಂದು ಹಿಡಿ ಅಕ್ಕಿ ತರುವುದು, ಅವ್ವ ಬೇಯಿಸಿ ನೋಡಿ ಒಂದನ್ನು ಆರಿಸುವುದು, ಆಮೇಲೆ ಅಪ್ಪ ಹೋಗಿ ಆ ಅಂಗಡಿಯಿಂದಲೇ ಚೀಲ ತುಂಬಿಸುವುದು. ಅಪ್ಪ ಹೋದ, ಹೆಗಲ ಮೇಲಿನ ವಲ್ಲಿಯ ಮೂರು ಮೂಲೆಗಳಲ್ಲಿ ಮೂರು ಗಂಟು ಕಟ್ಟಿಕೊಂಡು ಬಂದ. ಅವ್ವ ವಲ್ಲಿಯನ್ನು ಒಳಗೆ ಒಯ್ದು, ಮೂರು ಪುಟ್ಟ ಗಡಿಗೆಗಳಲ್ಲಿ ಬೇಯಿಸಿ, ಒಂದು ತಟ್ಟೆಯೊಂದಿಗೆ ಹೊರಗೆ ಬಂದಳು. ಅದರಲ್ಲಿದ್ದ ಅನ್ನ ಅಗುಳಗುಳಾಗಿ ಉದುರುತ್ತಿತ್ತು.

"ಇದ ಆಗ್ಬೇಕ್ರಿ. ಯಾರ ಅಂಗಡೀದಿದು?"

"ಯಾವ ಗಂಟಿಂದು?"

"ನೀವ ಹೇಳ್ಬೇಕಲ್ರಿ, ಕಟ್ಟಿದವ್ರು ನೀವು."

"ಬಲಗಡಿದು ವೀರಭದ್ರಪ್ಪಂದು, ಎಡಗಡಿದು ಹುಸೇನಸಾಬಂದು, ಹಿಂದಿಂದು ಸುಬ್ಬಯ್ಯ ಶೆಟ್ಟಿದು."

ಅವ್ವ ವಲ್ಲಿಯನ್ನು ತಂದು ಅವನ ಮುಂದೆ ಹಾಸಿದಳು. ಗಂಟು ಬಿಚ್ಚಿದ ವಲ್ಲಿಗೆ ನಾಲ್ಕು ಮೂಲೆ. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವಿಲ್ಲ. "ಇದರಾಗ ಬಲಗಡಿ ಯಾವ್ದು ತೋರಸ್ರಿ," ಎಂದಳು. ಅಪ್ಪ ವಲ್ಲಿಯನ್ನು ಹೆಗಲ ಮೇಲೆ ಹಾಕಿಕೊಂಡು ನೋಡಿದ, ತಿರುವಿ ಹಾಕಿಕೊಂಡು ನೋಡಿದ, ಗೋಡೆಯ ಕಡೆ ಮುಖಮಾಡಿ ನಿಂತು ನೋಡಿದ. "ನಾ ಆಗ್ಲೇ—" ಎಂದು ಏನೋ ಹೇಳಲು ಹೊರಟವನನ್ನು ಅಜ್ಜಿ ತಡೆದಳು. "ಸುಮ್ಮನಿರಲೇ. ಊರ ಮಂದಿ ದಾವೆ ನೆಪ್ಪಿಟ್ಕೊಂತೀ, ಮೂರು ಗಂಟು ನೆಪ್ಪಿಡಾಕ ಆಗ್ಲಿಲ್ಲ ನಿನಗ."

ಮುಹೂರ್ತ ಹತ್ತಿರವಾಗಿತ್ತು. ಇನ್ನೊಮ್ಮೆ ಹೋಗಿ, ಗಂಟು ತಂದು, ಮತ್ತೆ ಹೋಗುವಷ್ಟು ದಿನಗಳಿರಲಿಲ್ಲ. ಬಿರುಕು ಬಿಟ್ಟ ಕೋಟೆಯ ಮಾತು ಅಜ್ಜಿಯ ಕಿವಿಯಲ್ಲೂ ಇತ್ತು. ವೀಳ್ಯದೆಲೆ ಸವರಿ ಮಡಚಿಟ್ಟು, "ಕಮಾನು ಗಾಡಿ ಕಟ್ಟಸು. ಪರದೆ ಇಳಿಬಿಡಸು. ಆಕಿ ಇಳೀಬಾರ್ದು," ಎಂದಳು.

ಹೀಗೆ ಅವ್ವ ಸಿರುಗುಪ್ಪಕ್ಕೆ ಹೋದಳು, ಜೊತೆಗೆ ನಾನೂ ಹೋದೆ. ಗಾಡಿ ಮೊದಲು ಸಿಕ್ಕ ಅಂಗಡಿಯ ಮುಂದೆ ನಿಂತಿತು. ಪರದೆಯ ಹೊರಗೆ ಸುಬ್ಬಯ್ಯ ಶೆಟ್ಟರು, ಒಳಗೆ ಅವ್ವ, ನಡುವೆ ದುಭಾಷಿಯಂತೆ ಅಪ್ಪ. ಇಬ್ಬರ ಮಾತೂ ಇಬ್ಬರಿಗೂ ಸ್ಪಷ್ಟವಾಗಿ ಕೇಳುತ್ತಿತ್ತು. ಆದರೂ ಪ್ರತಿ ಮಾತನ್ನೂ ಅಪ್ಪ ಹೊತ್ತು ದಾಟಿಸಬೇಕಿತ್ತು.

"ಅಮ್ಮಗಾರು ಏನಂತಾರ್ರಿ?"

ಅವ್ವ ಒಂದು ಕಾಳನ್ನು ಮುಂದಿನ ಹಲ್ಲಿನಲ್ಲಿ ಕಡಿದು ನೋಡಿ, "ಹಲ್ಲಿಗೆ ಮೆತ್ಕೊಂತೈತಿ. ಈ ವರ್ಷದ್ದು, ಹಳೇದಲ್ಲ ಅಂತ ಹೇಳ್ರಿ," ಎಂದಳು.

"ಈ ವರ್ಷದ್ದಂತ, ಶೆಟ್ರ."

"ಅಯ್ಯೋ ಸ್ವಾಮಿ, ಹೋದ ವರ್ಷದ್ದಂತ ಹೇಳ್ರಿ ಅಮ್ಮಗಾರಿಗೆ."

"ಹೋದ ವರ್ಷದ್ದಂತ."

"ಹಂಗಾದ್ರ ಇದನ್ನ ಅವ್ರ ಮನ್ಯಾಗ ಬೇಯಿಸಿ, ಬಾಯಾಗ ಒಂದು ತುತ್ತು ಹಾಕ್ಕೊಂಡು, ಆಮ್ಯಾಲ ಬಾಯಿ ಬಿಡ್ರಿ ನೋಡೂಣು ಅಂತ ಶೆಟ್ರಿಗೆ ಹೇಳ್ರಿ."

ಅಪ್ಪ ಇದನ್ನು ದಾಟಿಸಲಿಲ್ಲ. ದಾಟಿಸುವ ಅಗತ್ಯವೂ ಇರಲಿಲ್ಲ. ಶೆಟ್ಟರು ಆಗಲೇ ನಗುತ್ತ ಹಿಂದಿನ ಕೋಣೆಯ ಚೀಲ ಬಿಚ್ಚಿಸಲು ಹೋಗಿದ್ದರು. ಆ ಅಕ್ಕಿಯ ಕಾಳು ಅವ್ವನ ಹಲ್ಲಿನಲ್ಲಿ ಕಟ್ ಎಂದು ಮುರಿಯಿತು. ಅವಳ ಮುಖ ಹಾಗೆ ಅರಳಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅಥವಾ ನೋಡಿ ಮರೆತಿರಬಹುದು.

ಮದುವೆಯಲ್ಲಿ ಬೀಗತಿ ಅನ್ನವನ್ನು ಎಲೆಯ ಮೇಲೆ ಬೆರಳಿನಿಂದ ಹರವಿ ಪರೀಕ್ಷಿಸಿದರು, ಮತ್ತೊಮ್ಮೆ ಬಡಿಸಿಕೊಂಡರು, ಕೊನೆಗೆ ಸಾರಿಗೆ ಉಪ್ಪು ಸಾಲದೆಂದು ಹೇಳಿ ಸಮಾಧಾನಪಟ್ಟರು. ಕುರುಗೋಡಿನ ಗಂಡಸರು ಅಪ್ಪನ ಬೆನ್ನು ತಟ್ಟಿ, "ಅಕ್ಕಿ ಆರಿಸೋದಂದ್ರ ಇದು ನೋಡ್ರಿ," ಎಂದರು. "ನಂದೇನೂ ಇಲ್ರಿ ಇದರಾಗ," ಎಂದ ಅಪ್ಪ. ಎಂಥ ವಿನಯವಂತ ಎಂದು ಅವರು ಇನ್ನಷ್ಟು ಹೊಗಳಿದರು. ಮುಂದೆ ಪ್ರತಿ ವರ್ಷವೂ ಕಮಾನು ಗಾಡಿ ಸಿರುಗುಪ್ಪಕ್ಕೆ ಹೋಯಿತು; ಪರದೆ ಮೊದಲು ಅರ್ಧ ಸರಿಯಿತು, ಆಮೇಲೆ ಪೂರ್ತಿ. ಅಜ್ಜಿಯ ಕಾನೂನನ್ನು ಯಾರೂ ಮುರಿದಂತಾಗಲಿಲ್ಲ, ಅಕ್ಕಿ ಅಳೆಯುವ ಸಾಮಾನೇ ಅಲ್ಲವೆ? ಅಪ್ಪನಿಗೆ ಉಳಿದದ್ದು ಒಂದು ಬಿರುದು. ಮನೆಯಲ್ಲಿ ಯಾರು ಏನು ಮರೆತರೂ "ಅಪ್ಪನ ಗಂಟು" ಎನ್ನುವ ರೂಢಿಯಾಯಿತು. ಅಪ್ಪ ಇರುವವರೆಗೂ ಅದನ್ನು ಸಹಿಸಿಕೊಂಡ.

ಈ ಕಥೆಯನ್ನು ನಾನು ಮದ್ರಾಸಿನಲ್ಲಿ ಗೆಳತಿಯರಿಗೆ ಎಷ್ಟೋ ಸಲ ಹೇಳಿ ನಗಿಸಿದ್ದೇನೆ. ಗಂಡಸರಿಗೆ ಮೂರು ಗಂಟು ನೆನಪಿಡಲಾಗದು ಎಂಬುದು ಅದರ ನೀತಿ. ನೀತಿ ಹೇಳುವ ಅಧಿಕಾರ ನನಗೆಷ್ಟು ಇದೆಯೋ: ನನ್ನ ಮನೆಯಲ್ಲಿ ತೂಗುವುದೂ ಅಳೆಯುವುದೂ ಯಜಮಾನರೇ, ಹೆಂಗಸರ ಹಕ್ಕಿನ ಬಗ್ಗೆ ನಾನು ಮಾತಾಡುತ್ತೇನೆ, ಚೀಲ ಅವರು ಹಿಡಿಯುತ್ತಾರೆ. ಆದರೆ ಈ ಸಲ ಅದನ್ನು ದಿನಚರಿಯಲ್ಲಿ ಕ್ರಮವಾಗಿ ಬರೆಯುತ್ತ ಬಂದಾಗ ಲೇಖನಿ ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟಿತು. ಅಪ್ಪ ಅಲ್ಲಿ ನಿಂತಿದ್ದಾನೆ. ಗಂಟುಗಳು ಇನ್ನೂ ಬಿಚ್ಚಿಲ್ಲ. ಅವನು ಒಂದೊಂದನ್ನೇ ಮುಟ್ಟಿ ಒಂದೊಂದು ಹೆಸರು ಹೇಳುತ್ತಿದ್ದಾನೆ, ಅವ್ವ ತಲೆಯಾಡಿಸುತ್ತಿದ್ದಾಳೆ. ಇದು ನಾನು ಕಂಡದ್ದೋ, ಅಪ್ಪನ ಮೇಲಿನ ಮರುಕಕ್ಕೆ ಈಚೆಗೆ ಸೇರಿಸಿಕೊಂಡದ್ದೋ ಹೇಳಲಾರೆ. ಅವ್ವ ಈಗ ನಮ್ಮಲ್ಲಿಗೆ ಬಂದಿದ್ದಾಳೆ, ಯಜಮಾನರು ತಂದ ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಕೂತಿರುತ್ತಾಳೆ. ಮೊನ್ನೆ ಕೇಳಿದೆ; ಮೊರ ಜೋರಾಗಿ ಕೇರಿದಳು. ಇವತ್ತು ಬೆಳಿಗ್ಗೆ ಎದುರಿಗೇ ಕೂತು ಮತ್ತೆ ಕೇಳಿದ್ದೇನೆ:

"ಅವ್ವಾ, ಯಾವ ಗಂಟು ಯಾರ್ದು ಅಂತ ಬಿಚ್ಚೋಕಿಂತ ಮೊದಲ ಅಪ್ಪ ನಿನಗ ಹೇಳಿದ್ದ, ಹೌದಲ್ಲ?"