ಮೂರು ಕೋಣೆಯ ರುಚಿ

ಆ ಶನಿವಾರ ಯೋರಿಸ್ ಕೆಟ್ಟದ್ದು "ಚೆನ್ನಾಗಿದೆ" ಎಂಬ ಒಂದೇ ಮಾತಿನಿಂದ. ಅದೂ ಬೆಳಗ್ಗೆ ಒಂಬತ್ತಕ್ಕೆ, ಖಾಲಿ ಹೊಟ್ಟೆಯಲ್ಲಿ.

ಗೆಂಟ್ ನಗರದ ಆ ಓಣಿಯಲ್ಲಿ ಮದಾಮ್ ರೋಸಾಲಿಯ ಚಾಕೊಲೇಟ್ ಅಂಗಡಿಯ ಮೇಲಿನ ಮನೆ ಖಾಲಿಯಾಗಿತ್ತು. ಮೂರು ಕೋಣೆ. ಟ್ರ್ಯಾಮ್ ಓಡಿಸುವ ಯೋರಿಸ್, ಹೆಂಡತಿ ವೇರ್ಲೆ, ಮೂವರು ಮಕ್ಕಳು, ಇಷ್ಟೂ ಜನ ಇದ್ದದ್ದು ಒಂದೂವರೆ ಕೋಣೆಯಲ್ಲಿ. ಕೊನೆಯ ಕೂಸು ಮಲಗುತ್ತಿದ್ದದ್ದು ಸ್ನಾನದ ತೊಟ್ಟಿಯಲ್ಲಿ. ಯಾರಿಗಾದರೂ ಸ್ನಾನ ಮಾಡಬೇಕೆನಿಸಿದರೆ ಮೊದಲು ಅದನ್ನು ಎತ್ತಬೇಕು. ಎತ್ತಿದರೆ ಅದರ ಕೂಗಿಗೆ ಇಡೀ ಓಣಿ ಏಳುತ್ತಿತ್ತು.

"ಈ ಮನೆ ಸಿಗ್ಲಿಲ್ಲ ಅಂದ್ರೆ ನಾನು ಮಕ್ಕಳನ್ನ ಕರ್ಕೊಂಡು ಅಮ್ಮನ ಮನೆಗೆ ಹೋಗ್ತೀನಿ" ಎಂದಿದ್ದಳು ವೇರ್ಲೆ. ಎರಡು ಹೆಜ್ಜೆ ಹೋಗಿ ತಿರುಗಿ, "ಬೇಡ, ನೀನೇ ನಿಮ್ಮಮ್ಮನ ಮನೆಗೆ ಹೋಗು" ಎಂದು ತಿದ್ದಿದ್ದಳು.

ಮನೆ ಕೇಳಲು ಬಂದವರು ರೋಸಾಲಿಯ ಹೊಸ ಚಾಕೊಲೇಟುಗಳ ರುಚಿ ನೋಡಬೇಕೆಂಬುದು ಷರತ್ತು. ಅವಳ ಕೈಯ ಚಾಕೊಲೇಟುಗಳು ನೋಡಲು ಒಡವೆಗಳಂತಿದ್ದವು. ಓಣಿಯವರೆಲ್ಲ ಅವಳ ಗಿರಾಕಿಗಳೇ. ಭಾನುವಾರ ಯಾರ ಮನೆಗೆ ಹೋದರೂ ಅವಳಂಗಡಿಯ ಪೆಟ್ಟಿಗೆ ಒಯ್ಯುತ್ತಿದ್ದರು. ಪಡೆದವರು ಅದರ ರಿಬ್ಬನ್ ಬಿಚ್ಚದೆ ಮುಂದಿನ ಭಾನುವಾರ ಇನ್ನೊಬ್ಬರ ಮನೆಗೆ ದಾಟಿಸುತ್ತಿದ್ದರು. ಹೀಗೆ ಊರು ಸುತ್ತಿದ ಪೆಟ್ಟಿಗೆಗಳು ಯೋರಿಸನ ಟ್ರ್ಯಾಮಿಗಿಂತ ಹೆಚ್ಚು ದೂರ ಹೋಗಿದ್ದವು.

ಬಾಗಿಲಲ್ಲೇ ಹೂವಿನಂಗಡಿಯ ಓರ್ತಾನ್ಸ್ ಅವನ ತೋಳು ಹಿಡಿದಳು. "ಏನ್ ಕೊಟ್ರೂ ಚೆನ್ನಾಗಿದೆ ಅನ್ನು. ಮುಖ ಮಾತ್ರ ಸಿಂಡರಿಸ್ಬೇಡ. ಹತ್ತು ವರ್ಷದಿಂದ ನಾವೆಲ್ಲ ಹಾಗೇ ಬಾಳ್ತಿರೋದು."

ಮೊದಲನೆಯದು ಉಪ್ಪು ಹಾಕಿದ ಹೆರಿಂಗ್ ಮೀನಿನದು. ಚಾಕೊಲೇಟು ನಯವಾಗಿ ಕರಗಿತು. ಆಮೇಲೆ ಒಳಗಿನಿಂದ ಮೀನು, ಮದುವೆ ಮನೆಗೆ ಕರೆಯದೆ ಬಂದ ದಾಯಾದಿಯ ಹಾಗೆ ಹೊರಬಂತು.

"ಹೇಗಿದೆ?" ಎಂದಳು ರೋಸಾಲಿ.

ಯೋರಿಸ್ ಮೂರು ಕೋಣೆಗಳನ್ನು ನೆನೆದ. "ಚೆನ್ನಾಗಿದೆ, ಮದಾಮ್."

"ಹಾಗಾದ್ರೆ ಇನ್ನೊಂದು ತಗೋ."

ಚೆನ್ನಾಗಿದೆ ಎಂದ ಮೇಲೆ ಎರಡನೆಯದನ್ನು ಬೇಡ ಎನ್ನುವುದು ಆ ಊರಲ್ಲಿ ಸುಳ್ಳು ಒಪ್ಪಿಕೊಂಡ ಹಾಗೆ. ಯೋರಿಸ್ ತಗೊಂಡ. ಆಮೇಲೆ ಸಾಸಿವೆಯದು ಎರಡು. ಪುಟ್ಟ ಎಲೆಕೋಸಿನದು ಎರಡು. ಹಳೇ ಚೀಸಿನದು ಎರಡು. ಅದರ ವಾಸನೆ ಡಿಪೋದಲ್ಲಿ ಬೂಟು ಬಿಚ್ಚುವ ಕೋಣೆಯದು. ಹತ್ತೂವರೆಯ ಹೊತ್ತಿಗೆ ಅವನ ಹೊಟ್ಟೆಯೊಳಗೆ ಎಂಟು ಚಾಕೊಲೇಟುಗಳು ಸೀಟಿಗಾಗಿ ಜಗಳವಾಡುತ್ತಿದ್ದವು.

ಮೂಲೆಯಲ್ಲಿ ನಿವೃತ್ತ ಅಂಚೆಯಣ್ಣ ಫಿರ್ಮಿನ್ ಕಾಫಿ ಹೀರುತ್ತ ಅದೇ ತಟ್ಟೆಯಿಂದ ತಿನ್ನುತ್ತಿದ್ದರು. ಅವರ ಮುಖದಲ್ಲಿ ಕೆರೆಯ ನೀರಿನಷ್ಟು ಶಾಂತಿ. ರೋಸಾಲಿ ಒಳಗೆ ಹೋದದ್ದೇ ಯೋರಿಸನ ಕಿವಿಯ ಹತ್ತಿರ ಬಗ್ಗಿದರು.

"ಯಾಕಪ್ಪಾ ಹೀಗೆ ಸಾಯ್ತೀಯ? ಅವಳು ಹುಡುಕ್ತಿರೋದು ನಿಜ ಹೇಳೋನನ್ನ. ಹತ್ತು ವರ್ಷದಿಂದ."

"ಅದನ್ನ ಒಂಬತ್ತು ಗಂಟೆಗೇ ಹೇಳ್ಬಾರ್ದಿತ್ತಾ, ಫಿರ್ಮಿನ್ ಅವ್ರೇ?"

"ನೀನು ಕೇಳ್ಲಿಲ್ವಲ್ಲ."

ರೋಸಾಲಿ ಹೊಸ ತಟ್ಟೆ ತಂದಳು. ಬೂದು ಸೀಗಡಿ, ಜೊತೆಗೆ ಗುಲಾಬಿ. ಯೋರಿಸ್ ಒಂದು ಕಚ್ಚಿದ. ಕಣ್ಣಲ್ಲಿ ನೀರು ಬಂತು. ಮೂರು ಕೋಣೆಗಳೂ ಮಸುಕಾದವು.

"ಮದಾಮ್, ಇದು ಚೆನ್ನಾಗಿಲ್ಲ!"

ಕಿಟಕಿಗೆ ಮೂಗು ಒತ್ತಿ ನೋಡುತ್ತಿದ್ದ ಓರ್ತಾನ್ಸ್ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. ಆದರೆ ಯೋರಿಸನ ಬ್ರೇಕು ಹೋಗಿತ್ತು. "ಹೆರಿಂಗಿಗೆ ಉಪ್ಪು ಎರಡು ಪಾಲು ಜಾಸ್ತಿ. ಸಾಸಿವೆ ಚಾಕೊಲೇಟನ್ನ ಬಾಯಿ ಬಿಡೋಕೇ ಬಿಡಲ್ಲ. ಎಲೆಕೋಸು ಅರ್ಧ ಬೆಂದಿದೆ. ಈ ಸೀಗಡಿ ಗುಲಾಬಿ ಅಂತೂ, ನೋಡಿ ಮದಾಮ್, ಸಮುದ್ರದ ದಂಡೇಲಿ ನಡೆದ ಶವಸಂಸ್ಕಾರದ ಹಾಗಿದೆ!"

ರೋಸಾಲಿ ಮೆಲ್ಲಗೆ ಕುಳಿತಳು. ಏಪ್ರನ್ನಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಎದ್ದು ಬಂದು ಯೋರಿಸನ ಎರಡೂ ಕೆನ್ನೆ ಹಿಡಿದು ಮೂರು ಮುತ್ತು ಕೊಟ್ಟಳು.

"ಎಲ್ಲಿದ್ಯೋ ಇಷ್ಟು ದಿನ? ಹಗಲೂ ರಾತ್ರಿ ಈ ವಾಸನೇಲೇ ಇದ್ದು ನನ್ನ ಮೂಗು ಸತ್ತು ಹತ್ತು ವರ್ಷ ಆಯ್ತು ಕಣಪ್ಪಾ. ನಾಲಿಗೇನೂ ಅದರ ಹಿಂದೇನೇ ಹೋಯ್ತು. ಯಾರನ್ನ ಕೇಳಿದ್ರೂ ಚೆನ್ನಾಗಿದೆ, ಚೆನ್ನಾಗಿದೆ! ನಿನ್ನ ನಾಲಿಗೆ ಚಿನ್ನ ಕಣೋ, ಚಿನ್ನ!"

ಯೋರಿಸನಿಗೆ ಗೆಲುವು ಬಂತು. ಕಿಟಕಿಗೆ ಪರದೆ ಯಾವ ಬಣ್ಣದ್ದು ಎಂಬುದನ್ನೂ ಯೋಚಿಸಿಬಿಟ್ಟ. "ಹಾಗಾದ್ರೆ ಮದಾಮ್, ಮೇಲಿನ ಮನೆ..."

"ನಿಂಗೆ ಕೊಡೋದಾ? ತಲೆ ಕೆಟ್ಟಿದ್ಯಾ?" ರೋಸಾಲಿ ಹೌಹಾರಿದಳು. "ಇಲ್ಲಿಯ ಘಮಲೆಲ್ಲ ನೇರ ಮೇಲಕ್ಕೇ ಹೋಗತ್ತೆ. ಆರು ತಿಂಗಳು ಅಲ್ಲಿದ್ರೆ ನೀನೂ ನನ್ನ ಹಾಗೇ. ಇಂಥ ನಾಲಿಗೇನ ನನ್ನ ಕೈಯಾರೆ ಹಾಳು ಮಾಡ್ಲಾ? ನೀನಿರೋ ಕಡೆನೇ ಇರು, ಪ್ರತಿ ಶನಿವಾರ ಒಂಬತ್ತಕ್ಕೆ ಬಂದ್ಬಿಡು."

"ಮತ್ತೆ ಮನೆ ಯಾರಿಗೆ?"

ರೋಸಾಲಿ ಗೋಡೆಯ ಮೊಳೆಯಿಂದ ಬೀಗದ ಕೈ ತೆಗೆದು ಫಿರ್ಮಿನ್ ಮುಂದಿಟ್ಟಳು. "ಇವರೂ ಕೇಳಿದ್ರು. ಇವರ ನಾಲಿಗೇಲಿ ಕೆಡೋಕೆ ಇನ್ನೇನೂ ಉಳಿದಿಲ್ಲ."

ಫಿರ್ಮಿನ್ ನಾಲ್ಕನೇ ಸೀಗಡಿಯನ್ನು ನುಂಗಿ, ಬೀಗದ ಕೈಯನ್ನು ಜೇಬಿಗಿಳಿಸಿ, "ಬಹಳ ಚೆನ್ನಾಗಿದೆ, ಮದಾಮ್" ಎಂದರು.

ಯೋರಿಸ್ ಮನೆ ತಲುಪಿದಾಗ ಅವನ ಕೈಯಲ್ಲಿ ಎರಡು ಕಿಲೋದ ದೊಡ್ಡ ಪೆಟ್ಟಿಗೆಯಿತ್ತು. ವೇರ್ಲೆ ಬಾಗಿಲಿಗೆ ಅಡ್ಡ ನಿಂತಳು.

"ಮನೆ?"

"ಸಿಗ್ಲಿಲ್ಲ. ಕೆಲಸ ಸಿಕ್ತು."

"ಇದೇನು?"

"ಸಂಬಳ. ವಾರವಾರವೂ ಬರತ್ತೆ."

ವೇರ್ಲೆ ಪೆಟ್ಟಿಗೆಯನ್ನು ನೋಡಿದಳು. ತಿರುಗಿ ಕೋಣೆಯನ್ನು ಮೇಲಿಂದ ಕೆಳಗೆ, ಮೂಲೆಯಿಂದ ಮೂಲೆಗೆ ನೋಡಿದಳು.

"ಇಡೋದೆಲ್ಲಿ?" ಎಂದಳು.