ಒಂದು ಕೈಯ ಗಂಟು

"ಒಂದು ಕೈಯಲ್ಲಿ ಚಪ್ಪಾಳೆ ಆಗಲ್ಲಪ್ಪ" ಎಂದು ಗಾದೆ ಹೇಳಿ ಗೋದಾಮಿನ ಮ್ಯಾನೇಜರು ಅವಳ ಗಂಡನನ್ನು ಬಾಗಿಲಿನಿಂದಲೇ ವಾಪಸು ಕಳಿಸಿದ್ದ. ಪಾರ್ಸೆಲ್ ಕಟ್ಟುವ ಕೆಲಸ. ಗಂಡನ ಬಲಗೈ ಹಳೆಯ ಅಪಘಾತವೊಂದರಲ್ಲಿ ಹೋಗಿ, ಉಳಿದದ್ದು ಎಡಗೈ ಮತ್ತು ತಾಳ್ಮೆ. (ತಾಳ್ಮೆ ಮದುವೆಯಾದ ಮೇಲೆ ಬೆಳೆದದ್ದು ಎಂದು ಅತ್ತೆಯ ಅಂಬೋಣ.)

"ನೀವೇನಂದ್ರಿ?"

"ಚಪ್ಪಾಳೆ ತಟ್ಟೋ ಕೆಲಸಕ್ಕೆ ನಾನು ಅರ್ಜಿ ಹಾಕಿಲ್ಲ ಸಾರ್ ಅಂದೆ."

"ಆಮೇಲೆ?"

"ಬಾಗಿಲು ಹಾಕ್ಕೊಂಡ."

ಒಂದು ವರ್ಷದಲ್ಲಿ ಇದು ಆರನೆಯ ಬಾಗಿಲು. ಪ್ರತಿ ಸಲವೂ ಗಂಡ ಹೀಗೇ ನಗಿಸುತ್ತಿದ್ದ. ಆದರೆ ತಮಾಷೆ ಬರಬರುತ್ತಾ ತೆಳ್ಳಗಾಗುತ್ತಿತ್ತು. ಅದೂ ನಿಂತರೆ ಮನೆಯಲ್ಲಿ ಉಳಿಯುವುದೇನು ಎಂಬುದೇ ಅವಳ ಚಿಂತೆ.

ಅವಳಿಗೆ ದಿನಾ ದಿನಚರಿ ಬರೆಯುವ ರೂಢಿ; ಅಂಥವಳಿಗೆ ಸಿಟ್ಟು ಬಂದರೆ ಕೇಳಬೇಕೆ? ಗ್ರಂಥಾಲಯಕ್ಕೆ ಹೋಗಿ ಕಾನೂನಿನ ಪುಸ್ತಕ ಜಾಲಾಡಿ ಬಂದಳು. ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು, ದಿನಚರಿಯ ಹಾಳೆ ಹರಿದು ಬರೆದಳು: "ಮಾನ್ಯ ಮ್ಯಾನೇಜರ್ ಅವರಿಗೆ, ಅಂಗವೈಕಲ್ಯವೆಂಬ ಒಂದೇ ಕಾರಣಕ್ಕೆ, ಪರೀಕ್ಷಿಸಿಯೂ ನೋಡದೆ ಕೆಲಸ ನಿರಾಕರಿಸುವುದು ಕಾನೂನಿಗೆ ವಿರುದ್ಧ. ಹಗ್ಗದ ತುದಿ ಹಿಡಿದಿಡಲು ಮೇಜಿಗೊಂದು ಕ್ಲಿಪ್ಪು ಹಾಕಿಸುವುದು ತಮ್ಮ ಕರ್ತವ್ಯ. 'ಆಗಲ್ಲ' ಎನ್ನಲು ತಾವು ಯಾರು?"

"ಕೊನೇ ಸಾಲೂ ಕಾನೂನಲ್ಲಿದೆಯೇನೇ?" ಎಂದ ಗಂಡ.

"ಅದು ನನ್ನ ತಿದ್ದುಪಡಿ."

ಪತ್ರ ಹೋದ ಮಾರನೆಯ ದಿನ ಮಗಳು ಒದ್ದೆ ಮಾಡಿಕೊಂಡಳು. ಗಂಡ ಒಣಗಿದ ಲಂಗೋಟಿ ಎತ್ತಿಕೊಂಡ.

"ಕೊಡ್ರೀ ಇಲ್ಲಿ, ಒಂದು ಕೈಯಲ್ಲಿ ನಿಮಗೆಲ್ಲಿ ಆಗುತ್ತೆ!" ಎಂದು ಕಿತ್ತುಕೊಂಡಳು. ಮಗಳು ಹುಟ್ಟಿದಂದಿನಿಂದ, ಈ ಎಂಟು ತಿಂಗಳೂ ಹೀಗೇ ಕಿತ್ತುಕೊಳ್ಳುತ್ತಿದ್ದಳು, ಪ್ರೀತಿಯಿಂದಲೇ.

ಗಂಡ ದಿನಚರಿಯಲ್ಲೇ ಉಳಿದಿದ್ದ ಪತ್ರದ ಕರಡು ಹುಡುಕಿ ತಂದು, 'ಮ್ಯಾನೇಜರ್' ಹೊಡೆದುಹಾಕಿ 'ಹೆಂಡತಿ' ಎಂದು ತಿದ್ದಿ ಅವಳ ಮುಂದಿಟ್ಟ.

ಅಡುಗೆಮನೆಯಿಂದ ಅತ್ತೆ ಕೂಗಿದರು. "ಬಿಡೇ ಅವನಿಗೆ! ಎರಡು ಕೈಯಿದ್ದ ನಿಮ್ಮ ಮಾವ ಒಂದು ದಿನ ಲೋಟ ಎತ್ತಿಟ್ಟೋರಲ್ಲ. ಕೈ ಎಣಿಸ್ಕೊಂಡು ಕೂತ್ರೆ ಸಂಸಾರ ನಡೆಯುತ್ತಾ?"

ಅವಳು ಮುಖ ಕೆಂಪಗೆ ಮಾಡಿಕೊಂಡು ಲಂಗೋಟಿ ಕೊಟ್ಟಳು. ಗಂಡ ಮಗಳ ಕಾಲನ್ನು ಎಡ ಮೊಣಕೈಯಲ್ಲಿ ತಡೆದು, ಒಂದು ತುದಿ ಹಲ್ಲಲ್ಲಿ ಕಚ್ಚಿ, ಇನ್ನೊಂದನ್ನು ಎರಡು ಸುತ್ತು ಸುತ್ತಿ ಗಂಟು ಬಿಗಿದ. ಅಮ್ಮನ ಗಂಟನ್ನು ಐದೇ ನಿಮಿಷದಲ್ಲಿ ಒದ್ದು ಬಿಚ್ಚುವ ಮಹಾಮಲ್ಲಿ ಈ ಗಂಟಿನೊಂದಿಗೆ ಮಧ್ಯಾಹ್ನದವರೆಗೆ ಸೆಣಸಿ ಸೋತು ಮಲಗಿದಳು. ಅಂದಿನಿಂದ ಲಂಗೋಟಿ ಖಾತೆ ಗಂಡನದಾಯಿತು.

ವಾರದೊಳಗೆ ಮ್ಯಾನೇಜರನ ಉತ್ತರ ಬಂತು: ಕ್ಲಿಪ್ಪು ಹಾಕಿಸಿದೆ, ಸೋಮವಾರ ಪರೀಕ್ಷೆ. (ತಿದ್ದುಪಡಿಯ ಸುದ್ದಿಯೇ ಇಲ್ಲ.)

ಸೋಮವಾರ ಹನ್ನೊಂದಕ್ಕೆ ಫೋನು ಬಡಿದುಕೊಂಡಿತು.

"ಇಪ್ಪತ್ತು ಪಾರ್ಸೆಲ್ ಕಟ್ದೆ ಕಣೇ! ಮ್ಯಾನೇಜರು ಎಳೆದೂ ನೋಡಿದ, ಜಾಡಿಸಿಯೂ ನೋಡಿದ, ಒಂದೂ ಬಿಚ್ಚಲಿಲ್ಲ. ಇವತ್ತಿಂದಲೇ ಕೆಲಸ!"

ಅವಳಿಗೆ ಖುಷಿಗೆ ಅಳಲೂ ಪುರಸೊತ್ತೆಲ್ಲಿ? ಅಪ್ಪನ ಗಂಟಿಗೆ ಒಗ್ಗಿಹೋದ ಮಗಳು, ಅಮ್ಮ ಎರಡೂ ಕೈಯಲ್ಲಿ ಕಟ್ಟಿದ್ದನ್ನು ನಾಲ್ಕನೆಯ ಸಲ ಒದ್ದು ಬಿಸುಟು, ಅಂಬೆಗಾಲಲ್ಲಿ ಮಂಚದ ಕೆಳಗೆ ಪರಾರಿಯಾಗಿದ್ದಳು.

"ತುಂಬಾ ಸಂತೋಷ ಆಯ್ತು ರೀ... ಆ ಗಂಟು ಹಾಕೋದು ಹೇಗೆ, ಬೇಗ ಹೇಳಿ!"

ಆ ಕಡೆ ಗಂಟಲು ಸರಿಮಾಡಿಕೊಂಡ ಸದ್ದು.

"ಎರಡು ಕೈಯಲ್ಲಿ ಅದು ಕಷ್ಟ ಕಣಮ್ಮ. ಆದ್ರೂ ಕಾನೂನು ಅಂತ ಇದೆಯಲ್ಲ, ಒಂದು ಅರ್ಜಿ ಬರೆದಿಡು. ಸಂಜೆ ಬಂದು ಪರೀಕ್ಷೆ ಮಾಡ್ತೀನಿ."