ಹಣ್ಣಾಗಬಾರದ ಮಾವು, ಸುಮ್ಮನಿರಲಾರದ ಜನ

ನಮ್ಮ ಜಿಲ್ಲೆಯಲ್ಲಿ ಮಾವಿನಕಾಯಿಯನ್ನು ಕಾಯಾಗಿಯೇ ಇರಲು ಬಿಡುವವರು ಒಬ್ಬರೂ ಇಲ್ಲ. ಇದನ್ನು ನಾನು ಒಂದೇ ಸುಗ್ಗಿಯಲ್ಲಿ ಮೂರು ಸಲ ಪೆಟ್ಟು ತಿಂದು ಕಲಿತಿದ್ದೇನೆ.

ಕೊಯ್ದ ಹಣ್ಣು ಕೆಡದಂತೆ ಇಡುವುದು ಹೇಗೆ ಎಂಬುದರ ಮೇಲೆ ರಾಯಚೂರಿನಲ್ಲಿ ಸಂಶೋಧನೆ ಮಾಡುವವಳು ನಾನು. ಮಾವು ಮಾಗುವಾಗ ಎಥಿಲೀನ್ ಎಂಬ ಗ್ಯಾಸ್ ಬಿಡುತ್ತದೆ. ಒಂದು ಮಾಗಿದರೆ ಸಾಕು, ಪಕ್ಕದ್ದಕ್ಕೂ ಸುದ್ದಿ ಮುಟ್ಟಿ ಬುಟ್ಟಿಗೆ ಬುಟ್ಟಿಯೇ ಮಾಗುತ್ತದೆ. ಕಾಯಿಗಳನ್ನು ಗಾಳಿಯಾಡದ ಪೆಟ್ಟಿಗೆಯಲ್ಲಿಟ್ಟು ಚೂರೇ ಚೂರು ನೈಟ್ರಿಕ್ ಆಕ್ಸೈಡ್ ಕೊಟ್ಟರೆ ಆ ಎಥಿಲೀನ್ ತಗ್ಗುತ್ತದೆ, ಹಣ್ಣಾಗುವುದು ತಡವಾಗುತ್ತದೆ. ಎಷ್ಟು ದಿನ ತಡ ಎಂದು ಅಳೆದು ತೋರಿಸುವುದೇ ನನ್ನ ಪ್ರಬಂಧ. ಮಾವಿನ ಸುಗ್ಗಿ ವರ್ಷಕ್ಕೆ ಒಂದೇ. ಇದು ತಪ್ಪಿದರೆ ಮುಂದಿನ ಬೇಸಿಗೆಯವರೆಗೆ ಕಾಯಬೇಕು, ಅಷ್ಟರಲ್ಲಿ ನನ್ನ ವಿದ್ಯಾರ್ಥಿವೇತನ ಮುಗಿದಿರುತ್ತದೆ. ನಮ್ಮೂರು ಮಟಮಾರಿಯಲ್ಲಿ ನಮ್ಮವ್ವ ಮಾತ್ರ ಮಗಳ ಓದು ಮುಗಿಯಿತೆಂದು ಆಗಲೇ ಓಣಿಗೆಲ್ಲ ಸಕ್ಕರೆ ಹಂಚಿ ಕೂತಿದ್ದಳು.

ಮಾನ್ವಿಯ ವ್ಯಾಪಾರಿ

ಮೊದಲು ಕಾಯಿ ಕೇಳಲು ಹೋದದ್ದು ಮಾನ್ವಿಯ ಹಣ್ಣಿನ ವ್ಯಾಪಾರಿಯೊಬ್ಬರ ಹತ್ತಿರ. ಅವರು ಬಾಳೆ, ಮಾವು ಮಾಗಿಸಲೆಂದೇ ಒಂದು ಕೋಣೆ ಕಟ್ಟಿಸಿದ್ದಾರೆ. ನನ್ನ ಕೆಲಸ ಏನೆಂದು ಕೇಳಿ ಬಹಳ ನೊಂದುಕೊಂಡರು.

“ನಾವು ಹಣ್ಣಾಗ್ಲಿ ಅಂತ ಗ್ಯಾಸ್ ಬಿಡ್ತೀವಿ. ನೀವು ಆಗಬಾರದು ಅಂತ ಬಿಡ್ತೀರಿ. ನಮ್ಮ ಮ್ಯಾಲೆ ಏನ್ರೀ ಅಕ್ಕಾರ ಅಷ್ಟು ಸಿಟ್ಟು?”

ದೂರದ ಊರಿಗೆ ಕಳಿಸಿದರೂ ಹಣ್ಣು ಕೊಳೆಯುವುದಿಲ್ಲ, ನಿಮಗೇ ಲಾಭ ಎಂದು ಅರ್ಧ ತಾಸು ತಿಳಿಸಿ ಹೇಳಿದೆ. ಅವರು ಗದ್ದ ಕೆರೆಯುತ್ತ ಕೇಳಿದರು.

“ಅಂದ್ರ ನಿಮ್ಮ ಪೆಟ್ಟಿಗ್ಯಾಗ ಇಟ್ಟದ್ದು ಲಗೂನ ಮುದಿ ಆಗಂಗಿಲ್ಲ?”

“ಹೌದ್ರಿ, ಹಂಗ ತಿಳಕೊಳ್ರಿ.”

“ಹಂಗಾದ್ರ ಕಾಯಿ ಪುಕ್ಕಟೆ ಒಯ್ರಿ. ನಮ್ಮ ಅಳಿಯನ್ನ ಒಂದ್ ತಾಸು ಅದರಾಗ ಕೂಡಿಸ್ರಿ. ಮೂವತ್ತಕ್ಕನ ತಲಿ ಪೂರಾ ಬೆಳ್ಳಗ ಆಗ್ಯದ.”

ಜಾಲಹಳ್ಳಿಯ ಆಯಿ

ಪ್ರಯೋಗಾಲಯದಲ್ಲಷ್ಟೇ ಅಲ್ಲ, ಮಾಮೂಲಿ ಮನೆಯಲ್ಲಿಟ್ಟರೂ ಕಾಯಿ ತಡೆಯುತ್ತದೆಯೇ ಎಂದು ನೋಡಬೇಕಿತ್ತು. ದೇವದುರ್ಗದ ಆಚೆ ಜಾಲಹಳ್ಳಿಯ ರೈತರೊಬ್ಬರ ಮನೆಯ ಮೂಲೆಯಲ್ಲಿ ಗ್ಯಾಸ್ ಕೊಟ್ಟ ಕಾಯಿಗಳ ಮೊದಲನೆಯ ತಂಡವನ್ನು ಇಟ್ಟು ಬಂದೆ. ಆ ಮನೆಯ ಅಜ್ಜಿ, ಆಯಿಗೆ “ಮುಟ್ಟಬ್ಯಾಡ್ರಿ, ಸುಮ್ನ ನೋಡ್ಕೋರಿ” ಎಂದು ಕೈಮುಗಿದು ಹೇಳಿದ್ದೆ.

ಹದಿನೈದು ದಿನ ಬಿಟ್ಟು ಬಸ್ಸಿನಲ್ಲಿ ಬೆವತು ಹೋದರೆ ಮೂಲೆ ಖಾಲಿ. ಆಯಿ ನನ್ನನ್ನು ಒಳಗೆ ಕರೆದೊಯ್ದು ಭತ್ತದ ಹುಲ್ಲಿನ ಗುಡ್ಡೆ ಸರಿಸಿದಳು. ಘಮ್ಮೆಂದು ವಾಸನೆ ಬಂತು. ಎಲ್ಲವೂ ಹಳದಿ ಬಣ್ಣ ತಿರುಗಿದ್ದವು.

“ಯವ್ವಾ, ದಿನಾ ನೋಡ್ತಿದ್ದೆ, ಒಂದರ ಹಣ್ಣಾಗವಲ್ದು. ಪಾಪ, ಸಾಲಿ ಕಲ್ತ ಹುಡುಗಿ, ಹಣ್ಣು ಮಾಡಾದು ಯಾರೂ ಕಲಿಸಿಲ್ಲ ಅಂತ ಕರುಳು ಚುರ್ ಅಂತು. ನಾನ ಹುಲ್ಲಾಗ ಹಾಕಿದೆ. ಮ್ಯಾಲೆ ಮಾಗಿದ ಬಾಳೆಹಣ್ಣೂ ಇಟ್ಟೆ.”

ಮಾಗಿದ ಬಾಳೆಹಣ್ಣು ಎಂದರೆ ಎಥಿಲೀನಿನ ಬುಗ್ಗೆ. ನಾನು ಅಲ್ಲೇ ಕುಸಿದು ಕೂತೆ. ಸಂತೋಷಕ್ಕೆ ಕೂತೆನೆಂದು ತಿಳಿದ ಆಯಿ, ಮನೆಗೆ ಬಂದ ಹೆಣ್ಣುಮಗಳನ್ನು ಬರಿ ಉಡಿಯಲ್ಲಿ ಕಳಿಸಬಾರದೆಂದು ಅರಿಶಿಣ ಕುಂಕುಮ ಕೊಟ್ಟು, ನನ್ನ ಪ್ರಯೋಗವನ್ನೆಲ್ಲ ನನ್ನ ಉಡಿಗೇ ತುಂಬಿದಳು.

“ಯಾರರ ಕೇಳಿದ್ರ, ನೀನ ಮಾಡಿದ್ದು ಅಂತ ಹೇಳು. ನಾ ಏನ್ ಅನಕೊಳ್ಳಂಗಿಲ್ಲ.”

ಕಾವಲು ಕಾಕಾ

ಇನ್ನು ಯಾರ ಮನೆಯೂ ಬೇಡ ಎಂದು ಎರಡನೆಯ ತಂಡವನ್ನು ರಾಯಚೂರಿನ ನಮ್ಮ ಪ್ರಯೋಗಾಲಯದಲ್ಲೇ ಇಟ್ಟೆ. ಅಲ್ಲಿನ ಕಾವಲುಗಾರರನ್ನು ಎಲ್ಲರೂ ಕಾಕಾ ಅನ್ನುತ್ತೇವೆ. ನಿಯತ್ತಿನ ಮನುಷ್ಯ. ಸಂಕಟ ಬಂದದ್ದೇ ಆ ನಿಯತ್ತಿನಿಂದ.

ಒಂದು ಶುಕ್ರವಾರ ಬೆಳಿಗ್ಗೆ ಬಾಗಿಲು ತೆಗೆದರೆ ಒಳಗೆ ಮುಖ ಕಾಣದಷ್ಟು ಹೊಗೆ. ಬೆಂಕಿ ಬಿತ್ತೆಂದು ಬಕೆಟ್ ಹಿಡಿದು ಓಡಿದೆ. ಹೊಗೆಯ ನಡುವೆ ಕಾಕಾ ನನ್ನ ಕಾಯಿಗಳ ಸುತ್ತ ಲೋಬಾನದ ಧೂಪ ಆಡಿಸುತ್ತ ನಿಂತಿದ್ದರು. ಕೆಂಡದ ಮೇಲೆ ಉಪ್ಪು, ಮೆಣಸಿನಕಾಯಿ ಬೇರೆ.

“ಕಾಕಾ, ಏನ್ ಮಾಡಾಕತ್ತೀರಿ?”

“ಹನ್ನೆರಡು ದಿನ ಆತವ್ವಾ, ಕಾಯಿ ಇದ್ದಂಗ ಅದಾವ. ಯಾರದೋ ಕೆಟ್ಟ ದೃಷ್ಟಿ ತಾಕ್ಯದ. ನೀ ಹಗಲೆಲ್ಲ ಅವುನ್ನ ನೋಡಿ ನೋಡಿ ಬರಕೊಳ್ಳಾದು ನನಗ ನೋಡಾಕ ಆಗಲಿಲ್ಲ.”

ಹೊಗೆಯಲ್ಲೂ ಎಥಿಲೀನ್ ಇರುತ್ತದೆ. ಹಳೆಯ ಕಾಲದಿಂದಲೂ ನಮ್ಮ ಜನ ಹೊಗೆ ಹಾಕಿಯೇ ಹಣ್ಣು ಮಾಡಿದವರು. ಮೂರೇ ದಿನಕ್ಕೆ ಎರಡನೆಯ ತಂಡವೂ ಮೆತ್ತಗಾಯಿತು. ನಾನು ಮೆಟ್ಟಿಲ ಮೇಲೆ ಕೂತು ಅತ್ತೆ. ಕಾಕಾ ಹೆಮ್ಮೆಯಿಂದ ಬಂದು ಪಕ್ಕದಲ್ಲಿ ನಿಂತರು.

“ನೋಡಿದೆಲ್ಲಾ? ದೃಷ್ಟಿನಾ ಆಗಿತ್ತು.”

ದೊಡ್ಡವರು ಬಂದ ದಿನ

ಉಳಿದದ್ದು ಸುಗ್ಗಿಯ ಕೊನೆಯ ಎಂಟೇ ಎಂಟು ಕಾಯಿ. ಅರ್ಧಕ್ಕೆ ಗ್ಯಾಸ್ ಕೊಟ್ಟೆ, ಹೋಲಿಸಿ ನೋಡಲು ಅರ್ಧವನ್ನು ಬೇರೆ ಪೆಟ್ಟಿಗೆಯಲ್ಲಿ ಹಾಗೇ ಬಿಟ್ಟೆ. ಕೋಣೆಗೆ ಬೀಗ ಜಡಿದೆ. ಒಂದು ಕೀಲಿ ನನ್ನಲ್ಲಿ, ಇನ್ನೊಂದು ನನ್ನ ಮಾರ್ಗದರ್ಶಕರಾದ ಸರ್ ಹತ್ತಿರ. ಇಪ್ಪತ್ತೆರಡನೆಯ ದಿನ ಬೆಂಗಳೂರಿನಿಂದ ಒಬ್ಬ ಪರಿಣತರು ಬಂದು, ಕಣ್ಣಾರೆ ನೋಡಿ, ಕೆಲಸ ಮುಂದುವರಿಸಬೇಕೋ ಬೇಡವೋ ಹೇಳುವುದಿತ್ತು. ಆ ದಿನ ಬೆಳಿಗ್ಗೆ ನೋಡಿದರೆ ಗ್ಯಾಸ್ ಕಾಣದವು ಕೊಳೆತು ಕಪ್ಪಾಗಿದ್ದವು. ಗ್ಯಾಸ್ ಕೊಟ್ಟವು ಗಟ್ಟಿಯಾಗಿ, ಆಗಷ್ಟೇ ಬಣ್ಣ ತಿರುಗಿ, ಮದುಮಕ್ಕಳ ಹಾಗೆ ಕೂತಿದ್ದವು. ನಾನು ಅವಕ್ಕೆ ನಮಸ್ಕಾರ ಮಾಡಿದೆ, ಸುಳ್ಳಲ್ಲ.

ಪರಿಣತರನ್ನು ಸ್ಟೇಷನ್ನಿನಿಂದ ಕರೆತಂದು ಸರ್ ಕೋಣೆಯಲ್ಲಿ ಕೂಡಿಸಿ, ವರದಿಯ ಜೆರಾಕ್ಸ್ ತರಲು ಹೋದೆ. ಹೋಗಿ ಬರಲು ಇಪ್ಪತ್ತು ನಿಮಿಷ. ಬಂದು ನೋಡಿದರೆ ಇಬ್ಬರ ಮುಂದೆಯೂ ತಟ್ಟೆ, ತಟ್ಟೆಯಲ್ಲಿ ಸಿಪ್ಪೆ. “ಪ್ರಯೋಗದ ಹಣ್ಣು, ತಿನ್ನಬಾರದು” ಎಂದು ನಾನೇ ಬರೆದು ಅಂಟಿಸಿದ್ದ ಚೀಟಿಯ ಮೇಲೆ ನಾಲ್ಕೂ ಗೊರಟು.

“ಸರ್!” ಎಂದೆ.

ಸರ್ ಮುಖ ಅರಳಿತ್ತು. “ದೂರದಿಂದ ಬಂದಾರ, ಬರೇ ಚಾ ಕೊಟ್ಟು ಕಳಸಾಕ ಆಗ್ತದೇನವಾ? ನೀ ಅವರಿಗಂತ ಸಂತಿಯಿಂದ ತಾಜಾ ಹಣ್ಣು ತಂದಿಟ್ಟಿದ್ದಿ. ಛಲೋ ಕೆಲಸ ಮಾಡಿದಿ.”

“ಅವು ಟ್ರಯಲಿನವು ಸರ್!”

“ಛೇ, ಟ್ರಯಲಿನವು ಕೊಳೆತು ನಾರಾಕತ್ತಿದ್ವು. ದೊಡ್ಡವರ ಕಣ್ಣಿಗೆ ಬೀಳಬಾರದು ಅಂತ ಕಾಕಾಗ ಹೇಳಿ ಕಸಕ್ಕ ಹಾಕಿಸಿದೆ.”

ಪರಿಣತರು ಬೆರಳು ಚೀಪಿಕೊಂಡು, ಕರವಸ್ತ್ರದಿಂದ ತುಟಿ ಒರೆಸಿಕೊಂಡರು.

“ಇಷ್ಟು ತಾಜಾ ಹಣ್ಣು ನಿಮ್ಮೂರಿನಲ್ಲೇ ಸಿಗುವಾಗ ಈ ಗ್ಯಾಸು ಗೀಸು ಎಲ್ಲ ಯಾಕಮ್ಮಾ ಬೇಕು?”

“ಸರ್, ನೀವು ಈಗ ತಿಂದದ್ದೇ ಗ್ಯಾಸ್ ಕೊಟ್ಟ ಹಣ್ಣು. ಕಿತ್ತು ಇಪ್ಪತ್ತೆರಡು ದಿನ ಆಯಿತು.”

ಅವರು ದೊಡ್ಡದಾಗಿ ನಕ್ಕರು. ಆಮೇಲೆ ಕನ್ನಡಕ ಏರಿಸಿ, ಪೆನ್ನು ತೆಗೆದು, ಗಂಭೀರವಾಗಿ ನನ್ನ ಕಡೆ ತಿರುಗಿದರು.

“ಬಾಯಿಮಾತು ನಡೆಯೋದಿಲ್ಲಮ್ಮ. ಪುರಾವೆ ಎಲ್ಲಿದೆ, ತೋರಿಸು.”

ನಾನು ಸುಮ್ಮನೆ ಅವರ ಹೊಟ್ಟೆಯ ಕಡೆ ಕೈ ತೋರಿಸಿದೆ.